ಮಾವನ ಲಕ್ವ, ಸೊಸೆಯ ಕೂಗಾಟ: ಮೊದಲು ರಾತ್ರಿ ಸರಿಯಾಗಲಿ

ಪ್ರಶ್ನೆ: ನನಗೆ 42 ವರ್ಷ, ದಾವಣಗೆರೆಯಲ್ಲಿದ್ದೇವೆ. ನಾಲ್ಕು ತಿಂಗಳ ಹಿಂದೆ ಮಾವನವರಿಗೆ ಲಕ್ವ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋಯಿತು, ಮಾತೂ ನಿಂತಿತು. ಅವರಿಗೆ 74. ಯಜಮಾನರ ಕೆಲಸ ಬೆಂಗಳೂರಿನಲ್ಲಿ. ಶುಕ್ರವಾರ ಮಧ್ಯರಾತ್ರಿ ಬಂದು ಭಾನುವಾರ ರಾತ್ರಿ ಹೊರಡುತ್ತಾರೆ. ಅತ್ತೆಗೆ ಮಂಡಿನೋವು, ಮಾವನನ್ನು ಎತ್ತಿ ಇಳಿಸಲು ಆಗದು. ಮಗಳು ಎಸ್ಸೆಸ್ಸೆಲ್ಸಿ. ಹುಬ್ಬಳ್ಳಿಯಲ್ಲಿರುವ ನಾದಿನಿ ದಿನಾ ಫೋನ್ ಮಾಡಿ ಹಾಗೆ ಮಾಡಿ, ಹೀಗೆ ಮಾಡಿ ಅನ್ನುತ್ತಾರೆ. ರಾತ್ರಿ ನಾಲ್ಕೈದು ಸಲ ಏಳುತ್ತೇನೆ. ಹೋದ ವಾರ ಮೂರನೇ ಸಲ ಹಾಸಿಗೆ ಒದ್ದೆಯಾದಾಗ ಅವರ ಮೇಲೆ ಕಿರುಚಿ ಕೈ ಎತ್ತಿಬಿಟ್ಟೆ. ಹೊಡೆಯಲಿಲ್ಲ. ಅವರು ಅತ್ತರು. ಅವತ್ತಿನಿಂದ ನನ್ನ ಮುಖ ಕನ್ನಡಿಯಲ್ಲಿ ನೋಡಿಕೊಳ್ಳಲು ಆಗುತ್ತಿಲ್ಲ. ಎಲ್ಲರೂ ಧ್ಯಾನ ಮಾಡು ಅನ್ನುತ್ತಾರೆ. ಕಣ್ಣು ಮುಚ್ಚಿದರೆ ಅಳು ಬರುತ್ತದೆ. ಏನು ಮಾಡಲಿ?

ಉತ್ತರ: ಧ್ಯಾನವನ್ನು ಸದ್ಯಕ್ಕೆ ಬಿಡಿ. ಅದು ಕೆಟ್ಟದ್ದು ಅಂತಲ್ಲ. ನಾಲ್ಕು ತಿಂಗಳಿಂದ ನಿದ್ದೆ ಚೂರುಚೂರಾಗಿರುವವರು ಕಣ್ಣು ಮುಚ್ಚಿ ಕೂತರೆ ಆಗುವುದು ಎರಡೇ: ತೂಕಡಿಕೆ ಬರುತ್ತದೆ, ಇಲ್ಲವೇ ಹಗಲೆಲ್ಲ ಅದುಮಿಟ್ಟದ್ದು ಒಮ್ಮೆಲೇ ನುಗ್ಗುತ್ತದೆ. ನಿಮಗೆ ಎರಡನೆಯದು ಆಗುತ್ತಿದೆ. ನೀವು ಬರೆದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ನೀವು ಕೂಗಿದ್ದಲ್ಲ, 'ನಾಲ್ಕೈದು ಸಲ ಏಳುತ್ತೇನೆ' ಅನ್ನುವುದು. ನಿದ್ದೆಯ ಒಂದು ಸುತ್ತು ಮುಗಿಯಲು ಸುಮಾರು ತೊಂಬತ್ತು ನಿಮಿಷ ಬೇಕು. ಅದು ಮುಗಿಯುವ ಮುಂಚೆಯೇ ಪ್ರತಿ ಸಲ ಎಬ್ಬಿಸಿದರೆ ಒಟ್ಟು ಆರು ಗಂಟೆ ಮಲಗಿದರೂ ಮೈಗೆ ಹತ್ತುವುದಿಲ್ಲ, ಸಿಟ್ಟನ್ನು ಹಿಡಿದಿಡುವ ಶಕ್ತಿ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ಹಾಗಾಗಿ ಈ ಉತ್ತರದ ಅರ್ಧ ನಿಮ್ಮ ರಾತ್ರಿಯ ಬಗ್ಗೆಯೇ ಇದೆ. ಅದು ಸರಿಹೋಗದೆ ಬೇರೆ ಯಾವ ಉಪಾಯವೂ ನಿಲ್ಲುವುದಿಲ್ಲ.

ಯಾಕೆ ಏಳುತ್ತಿದ್ದೀರಿ ಅನ್ನುವುದನ್ನು ಮೊದಲು ಬಿಡಿಸಿಕೊಳ್ಳಿ. ಸಾಮಾನ್ಯವಾಗಿ ಮೂರು ಕಾರಣ: ಮೂತ್ರ, ಮಗ್ಗುಲು ಬದಲಿಸುವುದು, ಮಾವ ರಾತ್ರಿಯೆಲ್ಲ ಎಚ್ಚರವಿದ್ದು ಕರೆಯುವುದು.

ಮೂತ್ರದ ವಿಷಯ. ಲಕ್ವ ಹೊಡೆದವರಿಗೆ ಮೂತ್ರ ತಡೆಹಿಡಿಯುವ ಹತೋಟಿ ಕಡಿಮೆಯಾಗುತ್ತದೆ, ಬೇಕೆಂದು ಮಾಡುವುದಲ್ಲ. ಹಗಲಿನಲ್ಲಿ ಎರಡು ಗಂಟೆಗೊಮ್ಮೆ, ಅವರು ಕೇಳಲಿ ಬಿಡಲಿ, ಯೂರಿನಲ್ ಇಡಿ. ಹೃದಯ ಅಥವಾ ಕಿಡ್ನಿ ತೊಂದರೆಗೆ ಡಾಕ್ಟರು ನೀರು ಮಿತಿ ಮಾಡಿರದಿದ್ದರೆ ದಿನಕ್ಕೆ ಒಂದೂವರೆ ಲೀಟರಿನಷ್ಟು ಬೇಕೇ ಬೇಕು. ಆದರೆ ಅದರ ಬಹುಪಾಲು ಸಂಜೆ ಆರರೊಳಗೆ ಮುಗಿಯಲಿ, ರಾತ್ರಿ ಮಾತ್ರೆಗೆ ಎರಡು ಗುಟುಕು ಸಾಕು. ಒದ್ದೆಯಾಗುತ್ತದೆಂದು ಇಡೀ ದಿನದ ನೀರನ್ನೇ ಕಡಿಮೆ ಮಾಡುವುದು ಹಲವು ಮನೆಗಳಲ್ಲಿ ಆಗುವ ತಪ್ಪು. ಅದರಿಂದ ಮಲಬದ್ಧತೆ, ಮೂತ್ರದ ಸೋಂಕು ಬಂದು ರಾತ್ರಿ ಇನ್ನೂ ಹಾಳಾಗುತ್ತದೆ. ಮೂತ್ರ ಹೋಗಲು ಕೊಡುವ ಬಿ.ಪಿ. ಮಾತ್ರೆ ಸಂಜೆ ಕೊಡುತ್ತಿದ್ದರೆ ಅದನ್ನು ಬೆಳಗ್ಗೆಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ನೀವಾಗಿಯೇ ಬದಲಿಸಬೇಡಿ.

ರಾತ್ರಿಗೆ ಕಾಂಡೋಮ್ ಕ್ಯಾತಿಟರ್ ನೋಡಿ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಹೊರಗಿನಿಂದ ತೊಡಿಸುವಂಥದ್ದು, ಒಳಗೆ ನಳಿಗೆ ಹೋಗುವುದಿಲ್ಲ. ಸರಿಯಾದ ಅಳತೆಯದನ್ನು ನರ್ಸ್ ಹತ್ತಿರ ಒಮ್ಮೆ ಹಾಕಿಸಿ ಕಲಿತುಕೊಳ್ಳಿ. ಜಾರುತ್ತದೆಂದು ಸುತ್ತ ಪ್ಲಾಸ್ಟರ್ ಬಿಗಿಯಬೇಡಿ, ರಕ್ತ ಓಡಾಟ ನಿಂತು ಗಾಯವಾಗುತ್ತದೆ. ಚೀಲ ಹಾಸಿಗೆ ಮಟ್ಟಕ್ಕಿಂತ ಕೆಳಗೆ ತೂಗಬೇಕು, ನಳಿಗೆ ತೊಡೆಯಡಿ ಮಡಚಿಕೊಂಡಿರಬಾರದು. ಬೆಳಗ್ಗೆ ಆರಕ್ಕೆ ತೆಗೆದು ಸೋಪುನೀರಲ್ಲಿ ತೊಳೆದು, ಒರೆಸಿ, ಹಗಲೆಲ್ಲ ಗಾಳಿಯಾಡಲು ಬಿಡಿ. ಇದು ಹೊಂದಿಕೊಂಡರೆ ಒದ್ದೆ ಹಾಸಿಗೆ ಬದಲಿಸಲು ಏಳುವುದು ತಪ್ಪುತ್ತದೆ. ಸೊಸೆ ಮಾವನಿಗೆ ಇದನ್ನು ಹಾಕುವುದು ಇಬ್ಬರಿಗೂ ಮುಜುಗರ. ಅದು ಸಹಜ, ಬಾಯಿಬಿಟ್ಟು ಹೇಳಿ. ಹಾಕುವ ಕೆಲಸವನ್ನು ಅತ್ತೆ ಕೂತಲ್ಲೇ ಮಾಡಬಹುದು, ಮಂಡಿನೋವು ಅಡ್ಡಿಯಾಗದ ಕೆಲಸ ಅದು. ಜ್ವರ ಬಂದರೆ, ಇದ್ದಕ್ಕಿದ್ದಂತೆ ಗೊಂದಲವಾದರೆ, ಮೂತ್ರ ನಾತ ಬಂದು ಕದಡಿದಂತಿದ್ದರೆ ಸೋಂಕು ಇರಬಹುದು, ಅವತ್ತೇ ತೋರಿಸಿ.

ಇನ್ನು ಮಗ್ಗುಲು. ಎರಡು ಗಂಟೆಗೊಮ್ಮೆ ಹೊರಳಿಸಿ ಎಂದು ಆಸ್ಪತ್ರೆಯಲ್ಲಿ ಹೇಳಿಕಳಿಸಿರುತ್ತಾರೆ. ಹಗಲಿಗೆ ಅದು ಸರಿ. ರಾತ್ರಿಯೂ ಅದನ್ನೇ ಒಬ್ಬರೇ ಮಾಡಲು ಹೋದರೆ ತಿಂಗಳೊಳಗೆ ಸೊಂಟ ಬೀಳುತ್ತದೆ. ಗಾಳಿ ತುಂಬಿಳಿಯುವ ಏರ್ ಬೆಡ್ ಇದ್ದು ಚರ್ಮ ಚೆನ್ನಾಗಿದ್ದರೆ ರಾತ್ರಿಯ ಅಂತರವನ್ನು ನಾಲ್ಕು ಗಂಟೆಗೆ ಹಿಗ್ಗಿಸಬಹುದು. ನಿಮ್ಮ ಡಾಕ್ಟರ ಹತ್ತಿರ ಒಪ್ಪಿಗೆ ಪಡೆಯಿರಿ. ಪರೀಕ್ಷೆ ನಿಮ್ಮ ಕೈಯಲ್ಲೇ ಇದೆ: ಬೆಳಗ್ಗೆ ಮೈ ಒರೆಸುವಾಗ ಬೆನ್ನಿನ ಬುಡದ ಮೂಳೆ, ಎರಡೂ ಸೊಂಟದ ಮೂಳೆ, ಹಿಮ್ಮಡಿ, ಮೊಣಕೈ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಸರಿ, ಒತ್ತಿದರೂ ಬಣ್ಣ ಬದಲಾಗದಿದ್ದರೆ ಅಂತರ ಹೆಚ್ಚಾಯಿತೆಂದು ಅರ್ಥ. ನಮ್ಮಂಥ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದೆ ಹೋಗಬಹುದು, ಆಗ ಸುತ್ತಲಿಗಿಂತ ಕಪ್ಪಗಿದೆಯೇ, ಬಿಸಿಯಿದೆಯೇ, ಗಟ್ಟಿಯಿದೆಯೇ ಎಂದು ಮುಟ್ಟಿ ನೋಡಿ. ಅಂಥ ಜಾಗವನ್ನು ಉಜ್ಜಬೇಡಿ, ಎಣ್ಣೆ ಹಾಕಿ ತಿಕ್ಕಬೇಡಿ. ನಡುವೆ ತೂತಿರುವ ಉಂಗುರದ ದಿಂಬೂ ಬೇಡ, ಸುತ್ತಲಿನ ರಕ್ತ ಓಡಾಟವನ್ನು ಅದೇ ತಡೆಯುತ್ತದೆ.

ಹೊರಳಿಸಲು ತೋಳಿನ ಬಲ ಬೇಡ. ಹೆಗಲಿನಿಂದ ತೊಡೆಯವರೆಗೆ ಬರುವಂತೆ ಹತ್ತಿಯ ಸೀರೆಯನ್ನೋ ಬೆಡ್‌ಶೀಟನ್ನೋ ನಾಲ್ಕು ಮಡಿಕೆ ಮಾಡಿ ಅಡ್ಡಡ್ಡ ಹಾಸಿಟ್ಟಿರಿ. ಯಾವ ಕಡೆ ಹೊರಳಬೇಕೋ ಆ ಕಡೆ ನೀವು ನಿಲ್ಲಿ. ಆಚೆ ಬದಿಯ ಮಂಡಿ ಮಡಚಿ, ಆಚೆ ಅಂಚಿನ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆದುಕೊಳ್ಳಿ. ಬೆನ್ನಿಗೊಂದು ದಿಂಬು ಒತ್ತಿ ಅರೆಮಗ್ಗುಲಿಗೆ ನಿಲ್ಲಿಸಿ. ಪೂರಾ ಮಗ್ಗುಲಾದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ ಬೀಳುತ್ತದೆ. ಮಂಡಿಗಳ ನಡುವೆ ಒಂದು ದಿಂಬು, ಮೀನಖಂಡದಡಿ ಒಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ. ಬಿದ್ದುಹೋದ ಬಲಗೈ ಹಿಡಿದು ಮಾತ್ರ ಎಂದೂ ಎಳೆಯಬೇಡಿ. ಆ ಭುಜವನ್ನು ಹಿಡಿದಿಡುವ ಸ್ನಾಯುಗಳಿಗೆ ಈಗ ಬಲವಿಲ್ಲ, ಕೀಲು ಜಾರಿದರೆ ನೋವಿಗೆ ರಾತ್ರಿಯೆಲ್ಲ ನರಳುತ್ತಾರೆ, ನೀವೂ ಅವರ ಜೊತೆ ಎಚ್ಚರ. ಮಂಚ ತಗ್ಗಿದ್ದರೆ ಆಸ್ಪತ್ರೆ ಕಾಟ್ ಬಾಡಿಗೆಗೆ ತನ್ನಿ. ತಲೆಭಾಗ ಎತ್ತುವ ಹ್ಯಾಂಡಲ್ ಇರುವುದರಿಂದ ಊಟ ಕೊಡುವುದೂ ಸುಲಭ. ಉಣ್ಣುವಾಗ ನೆಟ್ಟಗೆ ಕೂತಿರಬೇಕು, ಉಂಡ ಮೇಲೆ ಅರ್ಧ ಗಂಟೆ ಹಾಗೇ ಇರಬೇಕು. ನುಂಗುವಾಗ ಕೆಮ್ಮು ಬಂದರೆ, ದನಿ ನೀರು ತುಂಬಿದಂತೆ ಗುಳುಗುಳು ಆದರೆ ಊಟ ನಿಲ್ಲಿಸಿ ಡಾಕ್ಟರಿಗೆ ಹೇಳಿ.

ಮೂರನೆಯದು, ಹಗಲು ರಾತ್ರಿ ಅದಲುಬದಲಾಗಿರುವುದು. ಬೆಳಗ್ಗೆ ಏಳಕ್ಕೆ ಕಿಟಕಿ ತೆರೆದು ಬೆಳಕು ಮುಖಕ್ಕೆ ಬೀಳುವಂತೆ ಮಾಡಿ, ಫಿಸಿಯೋಥೆರಪಿಯವರು ಒಪ್ಪಿದಷ್ಟು ಹೊತ್ತು ಕುರ್ಚಿಯಲ್ಲಿ ಕೂರಿಸಿ. ಮಧ್ಯಾಹ್ನದ ನಿದ್ದೆ ಒಂದು ಗಂಟೆ ದಾಟದಿರಲಿ. ಮನೆಯವರೆಲ್ಲ 'ಮಲಗಿದಾರೆ, ಸದ್ಯ' ಅಂತ ಹಗಲು ಬಿಟ್ಟುಬಿಡುತ್ತಾರೆ. ಅದರ ಬೆಲೆ ರಾತ್ರಿ ತೆರುವವರು ನೀವೊಬ್ಬರೇ.

ಇಷ್ಟಾದರೆ ರಾತ್ರಿಯ ಲೆಕ್ಕ ಹೀಗೆ ಬರುತ್ತದೆ: ಹತ್ತು ಗಂಟೆಗೆ ಮಗ್ಗುಲು, ಎರಡಕ್ಕೆ ಮಗ್ಗುಲು, ಆರಕ್ಕೆ ಮಗ್ಗುಲು. ನಡುವೆ ತಲಾ ಮೂರೂವರೆ ಗಂಟೆಯ ಎರಡು ತುಂಡು ನಿದ್ದೆ. ಶುಕ್ರವಾರದ ಎರಡು ಗಂಟೆಯ ಸರದಿ ಯಜಮಾನರದು. ಶನಿವಾರ ರಾತ್ರಿ ಪೂರ್ತಿ ಅವರದೇ. ಆ ರಾತ್ರಿ ನೀವು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗಬೇಕು. ಮೊದಲ ಶನಿವಾರ ಆದರೂ ಎಚ್ಚರವಾಗುತ್ತದೆ, ಕಿವಿಗೆ ಅಭ್ಯಾಸ. ಎದ್ದು ಹೋಗಿ 'ಹಾಗಲ್ಲ ರೀ, ಹೀಗೆ' ಅನ್ನಲು ಹೋಗಬೇಡಿ. ದಿಂಬು ಸೊಟ್ಟಗಿದ್ದರೆ ಇರಲಿ. ಎರಡು ಮೂರು ವಾರಕ್ಕೆ ಅವರ ಕೈ ಕುದುರುತ್ತದೆ. ಕೈಯಲ್ಲಿ ದುಡ್ಡಿದ್ದರೆ ಹೋಂ ನರ್ಸನ್ನು ಹಗಲಿಗಲ್ಲ, ವಾರದಲ್ಲಿ ಎರಡು ರಾತ್ರಿಗೆ ಇಟ್ಟುಕೊಳ್ಳಿ. ಹೆಚ್ಚಿನವರು ಹಗಲಿಗೆ ಇಟ್ಟುಕೊಂಡು ರಾತ್ರಿ ತಾವೇ ಏಳುತ್ತಾರೆ, ನನ್ನ ಮಟ್ಟಿಗೆ ಅದು ಉಲ್ಟಾ ಖರ್ಚು. ಮಾವನಿಗೆ ಬರೆದುಕೊಟ್ಟ ನಿದ್ದೆ ಮಾತ್ರೆಯಲ್ಲಿ ಅರ್ಧ ನೀವು ನುಂಗುವುದಂತೂ ಬೇಡವೇ ಬೇಡ. ಮಧ್ಯಾಹ್ನ ಎರಡರ ನಂತರ ಕಾಫಿಯೂ ಬೇಡ. ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಐದಾರು ಗಂಟೆ ಕಳೆದರೂ ರಕ್ತದಲ್ಲೇ ಇರುತ್ತದೆ.

ಈಗ ಆ ರಾತ್ರಿಯ ಮಾತು. ನೀವು ಕೈ ಎತ್ತಿದಿರಿ, ಇಳಿಸಿದಿರಿ. ಏನೂ ಆಗಿಲ್ಲ ಅನ್ನಲಾರೆ, ರಾಕ್ಷಸಿಯಾದೆ ಅಂದುಕೊಳ್ಳುವುದನ್ನೂ ಒಪ್ಪಲಾರೆ. ಅದೊಂದು ಎಚ್ಚರಿಕೆ, ಅದನ್ನು ಕೆಲಸಕ್ಕೆ ಹಚ್ಚಬೇಕು. ಸಿಟ್ಟು ಒಮ್ಮೆಲೇ ಬಂದಂತೆ ಕಂಡರೂ ಮೈ ಎರಡು ಮೂರು ನಿಮಿಷ ಮುಂಚೆಯೇ ಹೇಳುತ್ತಿರುತ್ತದೆ: ಹಲ್ಲು ಕಚ್ಚಿಕೊಳ್ಳುತ್ತೀರಿ, ಬೆಡ್‌ಶೀಟನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆಯುತ್ತೀರಿ, 'ಇದು ಮೂರನೇ ಸಲ' ಎಂದು ಮನಸ್ಸಿನಲ್ಲೇ ಎಣಿಸುತ್ತೀರಿ. ಎಣಿಕೆ ಶುರುವಾಯಿತೆಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಮಾವನನ್ನು ಮಗ್ಗುಲಿಗೆ ತಿರುಗಿಸಿ, ಮಂಚದ ಕಂಬಿ ಮೇಲೆತ್ತಿ, 'ಬಂದೆ' ಎಂದು ಹೇಳಿ ಕೋಣೆಯಿಂದ ಹೊರಗೆ ಬನ್ನಿ. ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಮಲಗಿದರೆ ಅವರಿಗೇನೂ ಆಗದು. ಬಚ್ಚಲಿಗೆ ಹೋಗಿ ಮುಖಕ್ಕೆ ತಣ್ಣೀರು ಹಾಕಿ. ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಹತ್ತು ಸಲ ಮಾಡಲು ಎರಡು ನಿಮಿಷವೂ ಬೇಡ. ಹೊರಗೆ ಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ, ಅದಕ್ಕೇ ಈ ಆರರ ಲೆಕ್ಕ. ಇದಕ್ಕೆ ಕಣ್ಣು ಮುಚ್ಚಬೇಕಿಲ್ಲ. ಆಮೇಲೆ ಹೋಗಿ ಬಟ್ಟೆ ಬದಲಿಸಿ.

ಮಾವನಿಗೆ ಕ್ಷಮೆ ಕೇಳಿದಿರಾ? ಇಲ್ಲದಿದ್ದರೆ ನಾಳೆ ಬೆಳಗ್ಗೆ ಕೇಳಿ. ಎಡಗೈ ಹಿಡಿದು, ಆ ಕಡೆ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ, 'ಅಪ್ಪಾಜಿ, ಅವತ್ತು ರಾತ್ರಿ ಕೂಗಿದೆ, ತಪ್ಪಾಯಿತು' ಅಂದರೆ ಸಾಕು. ನಿಮ್ಮ ಕಷ್ಟದ ಪಟ್ಟಿ ಅದರ ಹಿಂದೆ ಬರುವುದು ಬೇಡ. ಮಾತು ನಿಂತಿದೆ ಎಂದರೆ ತಿಳಿವಳಿಕೆ ಹೋಗಿದೆ ಎಂದಲ್ಲ. ಬಲಗಡೆ ಬಿದ್ದವರಲ್ಲಿ ಪೆಟ್ಟು ಮೆದುಳಿನ ಎಡಭಾಗಕ್ಕೆ, ಹೆಚ್ಚಿನವರಲ್ಲಿ ಮಾತಿನ ಜಾಗವೂ ಅದೇ. ಎಷ್ಟೋ ಜನರಿಗೆ ಮಾತು ಹೊರಡುವುದಿಲ್ಲ, ಕೇಳಿಸಿಕೊಂಡದ್ದು ಅರ್ಥವಾಗುತ್ತದೆ. 'ನೀರು' ಎನ್ನಲಾಗದವರು ದಿನಾ ಹೇಳುತ್ತಿದ್ದ ವಚನವನ್ನೋ ಒಂದರಿಂದ ಹತ್ತರವರೆಗಿನ ಎಣಿಕೆಯನ್ನೋ ಯಾರಾದರೂ ಶುರುಮಾಡಿದರೆ ಜೊತೆಗೆ ಹೇಳುವುದುಂಟು, ಪ್ರಯತ್ನಿಸಿ ನೋಡಿ. ನೀರು, ಮೂತ್ರ, ನೋವು, ಚಳಿ, ಹೌದು, ಬೇಡ, ಈ ಆರು ಚಿತ್ರಗಳ ಒಂದು ರಟ್ಟು ಮಾಡಿ ಎಡಗೈ ತಲುಪುವಲ್ಲಿ ಇಟ್ಟರೆ ಕೂಗಿ ಕರೆಯುವುದು ಕಡಿಮೆಯಾಗುತ್ತದೆ.

ಅವರ ಅಳುವಿನ ಬಗ್ಗೆ ಇನ್ನೊಂದು ಮಾತು. ಲಕ್ವದ ನಂತರ ಕೆಲವರಿಗೆ ಕಾರಣವಿಲ್ಲದೆ, ಅಥವಾ ಸಣ್ಣ ಕಾರಣಕ್ಕೆ, ತಡೆಯಲಾಗದ ಅಳು ನಗು ಬರುತ್ತದೆ. ಅದು ಮೆದುಳಿನ ಪೆಟ್ಟಿನ ಭಾಗ. ಅದಲ್ಲದೆ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆಯೂ ಬರುತ್ತದೆ. ಎರಡಕ್ಕೂ ಔಷಧಿ ಇದೆ, ಮುಂದಿನ ಭೇಟಿಯಲ್ಲಿ ನರರೋಗ ತಜ್ಞರಿಗೆ ಮರೆಯದೆ ಹೇಳಿ. ಅದೇ ಭೇಟಿಯಲ್ಲಿ ನೇರವಾಗಿ ಕೇಳಿ: ನಡೆಯುತ್ತಾರಾ, ಕೈ ಎಷ್ಟು ಬರಬಹುದು, ಮಾತಿಗೆ ಸ್ಪೀಚ್ ಥೆರಪಿ ಎಲ್ಲಿ ಸಿಗುತ್ತದೆ? ಸುಧಾರಣೆ ಮೊದಲ ಮೂರು ತಿಂಗಳಲ್ಲಿ ವೇಗ, ಆರು ತಿಂಗಳ ನಂತರ ನಿಧಾನ, ಪೂರ್ತಿ ನಿಲ್ಲುವುದಿಲ್ಲ. 'ಇನ್ನೆಷ್ಟು ದಿನ' ಎಂಬುದು ಗೊತ್ತಿಲ್ಲದೆ ಇರುವುದೇ ಮನೆಯಲ್ಲಿ ಅರ್ಧ ಒತ್ತಡ ಹುಟ್ಟಿಸುತ್ತದೆ. ಕಹಿಯಾದರೂ ಉತ್ತರ ಸಿಕ್ಕರೆ ಕೆಲಸ ಹಂಚಲು ಬರುತ್ತದೆ.

ಹಂಚುವ ಮಾತಿಗೆ ಬಂದರೆ, 'ನನ್ನ ಕೈಲಿ ಆಗ್ತಿಲ್ಲ' ಎಂದು ಶುರುಮಾಡಬೇಡಿ. 'ಎಲ್ಲರ ಮನೆಯಲ್ಲೂ ಇದ್ದದ್ದೇ' ಅನ್ನುವ ಉತ್ತರ ತಯಾರಾಗಿರುತ್ತದೆ. ಮೂರು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಎಷ್ಟು ಗಂಟೆಗೆ, ಯಾವ ಕೆಲಸ, ಎಷ್ಟು ನಿಮಿಷ. ಭಾವನೆ ಬರೆಯಬೇಡಿ, ಕೆಲಸ ಮಾತ್ರ. ಶನಿವಾರ ಸಂಜೆ ನಾದಿನಿಯನ್ನು ವಿಡಿಯೋ ಕರೆಯಲ್ಲಿ ಕೂರಿಸಿಕೊಂಡು ಯಜಮಾನರು ಅದನ್ನು ಓದಲಿ, ನೀವಲ್ಲ. ಅಪ್ಪ ಅವರಿಬ್ಬರದು. ಕೇಳುವುದೂ ಅಳತೆಯಾಗಿರಲಿ: 'ಆಗಾಗ ಬಂದು ಹೋಗು' ಅಂದರೆ ಯಾರೂ ಬರುವುದಿಲ್ಲ, 'ತಿಂಗಳ ಎರಡನೇ ಶನಿವಾರ, ಭಾನುವಾರ ಎರಡು ರಾತ್ರಿ ನೀನಿರಬೇಕು, ಡೈಪರ್ ಮತ್ತು ಅಂಡರ್‌ಪ್ಯಾಡ್ ಖರ್ಚು ನಿನ್ನದು' ಅಂದರೆ ಹೌದೋ ಅಲ್ಲವೋ ಎನ್ನಬೇಕಾಗುತ್ತದೆ. ಮಾತ್ರೆ ತರುವುದು, ಡಾಕ್ಟರ ಅಪಾಯಿಂಟ್‌ಮೆಂಟ್, ಫಿಸಿಯೋ ಲೆಕ್ಕ ಇವು ಬೆಂಗಳೂರಿನಿಂದಲೂ ಆಗುವ ಕೆಲಸ, ಪೂರ್ತಿ ಯಜಮಾನರಿಗೆ ಬಿಡಿ. ನೆನಪಿಸುವ ಕೆಲಸ ನಿಮ್ಮ ತಲೆಯಲ್ಲೇ ಉಳಿದರೆ ಹಂಚಿದಂತಾಗಲಿಲ್ಲ.

'ಸೊಸೆಯ ಕರ್ತವ್ಯ' ಎಂದು ಯಾರಾದರೂ ಅಂದರೆ ಒಂದು ಸಂಗತಿ ತಿಳಿದಿರಲಿ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಲ್ಲಿ 'ಮಕ್ಕಳು' ಎಂಬ ವ್ಯಾಖ್ಯೆಗೆ ಮಗ, ಮಗಳು, ಮೊಮ್ಮಕ್ಕಳು ಬರುತ್ತಾರೆ, ಸೊಸೆಯ ಹೆಸರಿಲ್ಲ. ಕೋರ್ಟಿಗೆ ಹೋಗಿ ಎಂದು ಹೇಳುತ್ತಿಲ್ಲ. ಮಗಳಿಗೂ ಪಾಲಿದೆ ಎಂಬುದು ನೀವು ಕಟ್ಟಿದ ಮಾತಲ್ಲ, ಅಷ್ಟೇ.

ನಿಮ್ಮ ಮಗಳನ್ನು ರಾತ್ರಿ ಸರದಿಗೆ ಹಾಕಬೇಡಿ, ಎತ್ತುವ ಕೆಲಸವೂ ಬೇಡ. ಸಂಜೆ ಕಾಲು ಗಂಟೆ ತಾತನಿಗೆ ಪೇಪರ್ ಓದಿ ಹೇಳಿದರೆ ಇಬ್ಬರಿಗೂ ಒಳ್ಳೆಯದು. ಅವಳ ಮುಂದೆ ಏನೂ ಆಗಿಲ್ಲವೆಂಬಂತೆ ನಟಿಸುವುದು ಬೇಡ. ಅವತ್ತು ಕಿರುಚಿದ್ದು ಅವಳಿಗೆ ಕೇಳಿಸಿರುತ್ತದೆ, 'ತಪ್ಪು ಮಾಡಿದೆ, ಅಜ್ಜನ ಹತ್ತಿರ ಕೇಳಿಕೊಂಡೆ' ಎಂದು ಅವಳಿಗೂ ಹೇಳಿ. ನೋಡಲು ಬರುವವರಿಗೆ ಸಂಜೆ ಐದರಿಂದ ಆರು ಎಂದು ಅತ್ತೆಯ ಬಾಯಿಂದಲೇ ಹೇಳಿಸಿ, ಅವರು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬಂದವರು ಕೂತಿರುವಾಗ ಕಾಫಿ ಮಾಡುತ್ತ ನಿಲ್ಲದೆ ಇಪ್ಪತ್ತು ನಿಮಿಷ ಹೊರಗೆ ನಡೆದು ಬನ್ನಿ. ನಿಮ್ಮ ಯೋಗ ಸದ್ಯಕ್ಕೆ ಅದು.

ನಿಮ್ಮನ್ನೂ ಒಬ್ಬ ಡಾಕ್ಟರು ನೋಡಬೇಕು. 42ರ ಹೆಣ್ಣುಮಗಳಿಗೆ ಸುಸ್ತು, ಸಿಡುಕು ಬರಲು ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆಯೂ ಕಾರಣವಿರಬಹುದು. ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ಬಿ12, ಶುಗರ್ ಒಂದೇ ಸಲದ ರಕ್ತದಲ್ಲಿ ಆಗುತ್ತದೆ, ಬಿ.ಪಿ. ಕೂಡ ನೋಡಿಸಿ. ಕಳೆದ ಎರಡು ವಾರದಲ್ಲಿ ಹೆಚ್ಚಿನ ದಿನ ಮನಸ್ಸು ಕುಸಿದಿತ್ತೇ, ಮುಂಚೆ ಇಷ್ಟವಾಗುತ್ತಿದ್ದದ್ದು ಬೇಡವೆನಿಸಿತ್ತೇ? ಎರಡರಲ್ಲಿ ಒಂದಕ್ಕಾದರೂ ಹೌದೆಂದರೆ ಚಿಗಟೇರಿ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲೋ ನಿಮ್ಮೂರಿನ ಬೇರೆ ಮನೋವೈದ್ಯರಲ್ಲೋ ತೋರಿಸಿ. ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಮೊದಲ ವಾರಕ್ಕೇ ಬಿಟ್ಟುಬಿಡಬೇಡಿ. ಮನೆ ಬಿಟ್ಟು ಹೊರಡಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಉಚಿತ, ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಎರಡರ ಮಗ್ಗುಲಿನ ನಂತರ ನಿದ್ದೆ ಬಾರದೆ ಕೂತಾಗಲೂ ಮಾಡಬಹುದು.

'ಇವರು ಹೋದರೆ ಸಾಕು' ಎಂಬ ಯೋಚನೆ ಬಂದಿರಬಹುದು. ವರ್ಷಗಟ್ಟಲೆ ಆರೈಕೆ ಮಾಡುವ ಬಹಳ ಜನರಿಗೆ ಬರುತ್ತದೆ, ಪಾಪವಲ್ಲ. ಆದರೆ 'ನಾನು ಹೋದರೆ ಸಾಕು' ಎಂದು ಬಂದರೆ, ಮಾವನಿಗೆ ಬೇಕೆಂದೇ ಊಟ ತಡಮಾಡಿದರೆ, ಕೈ ಬಿಗಿಯಾಗಿ ಹಿಡಿದು ಗುರುತು ಬಿದ್ದರೆ, ಎಲ್ಲವನ್ನೂ ಬದಿಗಿಟ್ಟು ಅವತ್ತೇ ಆ ನಂಬರಿಗೆ ಕರೆ ಮಾಡಿ, ಯಜಮಾನರಿಗೆ ರಜೆ ಹಾಕಿ ಬರಲು ಹೇಳಿ. ಜೀವಕ್ಕೆ ಅಪಾಯ ಎನಿಸಿದರೆ 112.

ಹಣದ ಕಡೆ ಒಂದು ಕೆಲಸ ಬಾಕಿಯಿದೆ. ಮಾವನ ಸ್ಥಿತಿ ಒಂದು ಹಂತಕ್ಕೆ ನಿಂತ ಮೇಲೆ ಅಂಗವೈಕಲ್ಯದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಶೇ. 40 ಮತ್ತು ಮೇಲ್ಪಟ್ಟರೆ ಹಲವು ಸೌಲಭ್ಯಕ್ಕೆ ಅದೇ ಆಧಾರ. ಹಿರಿಯರ ಸಹಾಯವಾಣಿ 14567ರಲ್ಲಿ ನಿಮ್ಮ ಜಿಲ್ಲೆಯಲ್ಲಿ ಏನೇನು ಸಿಗುತ್ತದೆಂದು ಯಜಮಾನರು ಬೆಂಗಳೂರಿನಿಂದಲೇ ವಿಚಾರಿಸಲಿ.

ಮೂರು ವಾರ ಇದನ್ನು ಮಾಡಿಯೂ ರಾತ್ರಿ ಮೂರಕ್ಕಿಂತ ಹೆಚ್ಚು ಸಲ ಏಳುತ್ತಿದ್ದರೆ, ಮಾವನನ್ನು ಎರಡು ವಾರಕ್ಕೆ ಪುನಶ್ಚೇತನ ಚಿಕಿತ್ಸೆ ಇರುವ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸೇರಿಸುವ ಬಗ್ಗೆ ಅವರ ಡಾಕ್ಟರ ಹತ್ತಿರ ಮಾತಾಡಿ. ದಿನಾ ಫಿಸಿಯೋ, ಸ್ಪೀಚ್ ಎರಡೂ ಅಲ್ಲಿ ಆಗುತ್ತದೆ, ಆರು ತಿಂಗಳು ತುಂಬುವ ಮುಂಚೆ ಆದರೆ ಅವರಿಗೂ ಲಾಭ. ಸೇರಿಸುವ ದಿನ ಆಸ್ಪತ್ರೆಯಲ್ಲಿ ಜೊತೆಗಿರುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ನಿಮ್ಮ ಹೆಸರು ಬರೆಸಬೇಡಿ.